ಮೂವತ್ತೆಂಟು ಮೆಟ್ಟಿಲು, ಮೂರು ಶೌಚಾಲಯ: ಮಾಟುಂಗಾದ ಹಿರಿಯರೊಬ್ಬರ ನಡಿಗೆ ನಿಂತ ಪ್ರಕರಣ

2024ರ ದೀಪಾವಳಿ ಮುಗಿದ ವಾರ ಸೊಸೆಯಿಂದ ಫೋನು ಬಂತು. "ಮಾವ ಮನೆಯಿಂದ ಹೊರಗೇ ಹೋಗುತ್ತಿಲ್ಲ. ಮೊಣಕಾಲು ಸವೆದಿರಬೇಕು. ಒಮ್ಮೆ ಬಂದು ನೋಡುತ್ತೀರಾ?" ನಾನು ಮುಂಬಯಿಯಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವವಳು. ವಯಸ್ಸಾದವರು ನಡೆಯುವುದನ್ನು ನಿಲ್ಲಿಸಿದರೆ ಮನೆಯವರು ಮೊದಲು ದೂರುವುದು ಮೊಣಕಾಲನ್ನು. ಬಾಯಲ್ಲಿ ಹೇಳಲು ಅದು ಸುಲಭ, ಎಕ್ಸ್‌ರೇ ತೆಗೆಸಲು ಇನ್ನೂ ಸುಲಭ. ನಾನೂ ಮೊಣಕಾಲನ್ನೇ ನೋಡಲು ಹೋದೆ.

ಇಲ್ಲಿ ಅವರನ್ನು ರಾಯರು ಎನ್ನುತ್ತೇನೆ. ಅದು ಅವರ ಹೆಸರಲ್ಲ. ಮಾಟುಂಗಾದಲ್ಲಿ ಆ ವಯಸ್ಸಿನ ಉಡುಪಿ ಕಡೆಯವರನ್ನು ರಾಯರೇ ಎಂದು ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಎದುರಿಗೆ ನಾನು ಅವರನ್ನು ಮಾಮ ಎಂದೂ ಅವರ ಹೆಂಡತಿಯನ್ನು ಮಾಮಿ ಎಂದೂ ಕರೆಯುತ್ತೇನೆ. ಬ್ಯಾಂಕಿನಿಂದ ನಿವೃತ್ತರು, ಆಗ 78 ವರ್ಷ. ಕುಟುಂಬದ ಒಪ್ಪಿಗೆ ಪಡೆದು, ಕಟ್ಟಡದ ಗುರುತು ಬಿಟ್ಟು ಬರೆಯುತ್ತಿದ್ದೇನೆ.

ಮೊಣಕಾಲು ಚೆನ್ನಾಗಿಯೇ ಇತ್ತು. ಮಡಚುವಾಗ ಸ್ವಲ್ಪ ಕಟಕಟ, ಬಾವು ಇಲ್ಲ, ನೋವೂ ಹೆಚ್ಚಿಲ್ಲ. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವ ಪರೀಕ್ಷೆಗೆ ಅವರು ತೆಗೆದುಕೊಂಡದ್ದು 16 ಸೆಕೆಂಡು. 12 ದಾಟಿದರೆ ಬೀಳುವ ಸಾಧ್ಯತೆಯ ಬಗ್ಗೆ ಎಚ್ಚರ ವಹಿಸಬೇಕು ಎಂಬುದು ನಮ್ಮ ವೃತ್ತಿಯಲ್ಲಿ ಬಳಕೆಯಲ್ಲಿರುವ ಅಳತೆ. ನಾಲ್ಕು ಮೀಟರ್ ನೇರ ನಡೆಯಲು ಐದೂವರೆ ಸೆಕೆಂಡು, ಅಂದರೆ ಸೆಕೆಂಡಿಗೆ ಮುಕ್ಕಾಲು ಮೀಟರಿಗಿಂತ ಒಂದಿಷ್ಟು ಕಡಿಮೆ. ತೊಡೆ ಸಣ್ಣಗಾಗಿತ್ತು. ಪಂಚೆಯನ್ನು ಎತ್ತಿ ಕಟ್ಟಿದಾಗ ಅದು ಪರೀಕ್ಷೆಯಿಲ್ಲದೆಯೇ ಕಾಣುತ್ತಿತ್ತು. ಕೂತಲ್ಲೇ ಕೂತವರ ಕಾಲು ಇದು. ಕಾಲಿನ ದೆಸೆಯಿಂದ ಕೂತವರದ್ದಲ್ಲ. ಮೊಬೈಲು ಎಣಿಸಿಟ್ಟಿದ್ದ ಹೆಜ್ಜೆಗಳು ದಿನಕ್ಕೆ ಒಂಬೈನೂರರ ಆಸುಪಾಸು.

ಮಗ ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂದು ಗುರಿ ಇಟ್ಟಿದ್ದ. ಆ ಹತ್ತು ಸಾವಿರದ ಮೂಲ ವೈದ್ಯಶಾಸ್ತ್ರದಲ್ಲಿ ಇಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಂದು ಎಣಿಕೆ ಯಂತ್ರದ ಹೆಸರೇ 'ಹತ್ತು ಸಾವಿರ ಹೆಜ್ಜೆಯ ಮೀಟರು' ಎಂದಿತ್ತು. ಜಾಹೀರಾತಿನ ಅಂಕೆ ಆರೋಗ್ಯದ ಅಂಕೆಯಾಗಿ ಜಗತ್ತು ಸುತ್ತಿತು. ಅಮೆರಿಕದ 16,000ಕ್ಕೂ ಹೆಚ್ಚು ವಯಸ್ಸಾದ ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಕ್ಕೆ 2,700ರಷ್ಟು ಹೆಜ್ಜೆ ಹಾಕುವವರಿಗಿಂತ 4,400ರಷ್ಟು ಹಾಕುವವರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾಗಿ ಮಗನ ಗುರಿಯನ್ನು ನಾಲ್ಕು ಸಾವಿರಕ್ಕೆ ಇಳಿಸಿದೆ. ತೊಡೆಗೆ ಬಲ ಕೊಡುವ, ಸಮತೋಲ ಕಾಯುವ ವ್ಯಾಯಾಮ ವಾರಕ್ಕೆ ಮೂರು ದಿನ. ನಡೆಯಲು ಜಾಗ ಹುಡುಕಬೇಕಾಗಿರಲಿಲ್ಲ. ಹೊಸ ಕಟ್ಟಡದ ವಾಹನ ಮಹಡಿಗಳ ನೆತ್ತಿಯ ಮೇಲೆ ಪೋಡಿಯಂ ಇದೆ: ರಬ್ಬರು ಹಾಸಿದ ಪಥ, ಎರಡೂ ಬದಿ ಗಿಡ, ವಾಹನದ ಸುಳಿವಿಲ್ಲ. ಬೆಳಿಗ್ಗೆ ಆರು ಸುತ್ತು, ಸಂಜೆ ಆರು ಸುತ್ತು ಎಂದು ಬರೆದುಕೊಟ್ಟೆ.

ಹನ್ನೊಂದು ದಿನ ಮಾಡಿದರು. ಹನ್ನೆರಡನೆಯ ದಿನ ನಿಲ್ಲಿಸಿದರು. ಕೇಳಿದ್ದಕ್ಕೆ, "ಗಾಣದ ಎತ್ತಿನ ಹಾಗೆ ಸುತ್ತು ಹಾಕಲು ನಾನು ತಯಾರು. ಆದರೆ ಎತ್ತು ಸುತ್ತಿದರೆ ಎಣ್ಣೆಯಾದರೂ ಬರುತ್ತದೆ" ಎಂದರು.

ಅಲ್ಲಿಯವರೆಗೆ ನಾನು ಕೇಳಬೇಕಿದ್ದ ಪ್ರಶ್ನೆಯನ್ನೇ ಕೇಳಿರಲಿಲ್ಲ. ಮೊದಲು ಎಲ್ಲಿಗೆ ನಡೆಯುತ್ತಿದ್ದಿರಿ ಎಂದೆ. ಮುಕ್ಕಾಲು ಗಂಟೆ ಹೇಳಿದರು. ನಾನು ವ್ಯಾಯಾಮದ ಹಾಳೆಯ ಬೆನ್ನಿಗೆ ಬರೆದುಕೊಂಡೆ.

ಹಳೆಯ ದಾರಿ

2019ರವರೆಗೆ ಇದೇ ಜಾಗದಲ್ಲಿದ್ದ ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ ಅವರ ಮನೆ. ಪಗಡಿಯ ಮನೆ (ಮೊದಲೇ ದೊಡ್ಡ ಮೊತ್ತ ಕೊಟ್ಟು, ಕಡಿಮೆ ಬಾಡಿಗೆಗೆ ಇರುವ ಮನೆ), ಲಿಫ್ಟ್ ಇಲ್ಲ, 38 ಮೆಟ್ಟಿಲು. ಬೆಳಿಗ್ಗೆ ಆರಕ್ಕೆ ಮುಂಚೆ ಇಳಿದು ಹಾಲು. ಹಾಲಿನಿಂದ ಸ್ಟೇಷನ್ನಿನ ಕಡೆಗೆ, ಕರ್ನಾಟಕ ಮಲ್ಲ ಪತ್ರಿಕೆಗೆ. ಪತ್ರಿಕೆ ಮನೆಗೆ ಹಾಕಿಸಿಕೊಳ್ಳಬಹುದಿತ್ತು. ಹಾಕಿಸಿಕೊಳ್ಳಲಿಲ್ಲ, ಯಾಕೆಂದರೆ ಸ್ಟೇಷನ್ ಹೊರಗಿನ ಹೂವಿನವನಿಂದ ದೇವರಿಗೆ ಹೂ ತರಬೇಕು, ಹೂ ತರುವಾಗ ಪತ್ರಿಕೆ ದಾರಿಯಲ್ಲೇ ಸಿಗುತ್ತದೆ. ನಂತರ ಆಸ್ತಿಕ ಸಮಾಜದ ದೇವಸ್ಥಾನದ ಮುಂದೆ ಒಂದು ನಮಸ್ಕಾರ. ವಾಪಸು ಬಂದು ಕಟ್ಟಡದ ಮುಂದಿನ ಕಲ್ಲಿನ ಕಟ್ಟೆಯ ಮೇಲೆ ಕೂತು ಮುಖಪುಟ ಓದಿ, ಮೆಟ್ಟಿಲು ಹತ್ತಿ, ಕಾಫಿ. ಹತ್ತೂವರೆಗೆ ಮತ್ತೆ ಇಳಿದು ಮಾರುಕಟ್ಟೆ. ಮಂಗಳೂರು ಸೌತೆ, ಬಸಳೆ, ಆಷಾಢದಲ್ಲಿ ಪತ್ರೊಡೆಗೆ ಕೆಸುವಿನ ಎಲೆ ಎಲ್ಲವೂ ಮಾಟುಂಗಾದಲ್ಲಿ ಸಿಗುತ್ತವೆ; ಮುಂಬಯಿಯ ಬೇರೆ ಬೇರೆ ಮೂಲೆಗಳಿಂದ ರೈಲು ಹತ್ತಿ ಬಂದು ಒಯ್ಯುವವರಿದ್ದಾರೆ. ಸಂಜೆ ಮೂವರು ಗೆಳೆಯರೊಂದಿಗೆ ಫೈವ್ ಗಾರ್ಡನ್ಸ್. ಕಾರ್ಯಕ್ರಮವಿದ್ದ ದಿನ ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್.

ನಕಾಶೆಯಲ್ಲಿ ಬೆರಳಿಟ್ಟು ಅಳೆದರೆ ಎಲ್ಲ ಸೇರಿ ದಿನಕ್ಕೆ ನಾಲ್ಕು ಕಿಲೋಮೀಟರಿನ ಹತ್ತಿರ ಬಂತು. ಜೊತೆಗೆ 38 ಮೆಟ್ಟಿಲು ಮೂರು ಸಲ ಇಳಿದು ಮೂರು ಸಲ ಹತ್ತುವುದು. ನಾನು ರಬ್ಬರಿನ ಪಟ್ಟಿ ಕೊಟ್ಟು ಮಾಡಿಸುತ್ತಿದ್ದ ತೊಡೆಯ ವ್ಯಾಯಾಮವನ್ನು ಆ ಮೆಟ್ಟಿಲುಗಳು ದುಡ್ಡಿಲ್ಲದೆ ಮಾಡಿಸುತ್ತಿದ್ದವು. ಇಷ್ಟು ಹೇಳುವಾಗ ರಾಯರ ಬಾಯಲ್ಲಿ 'ವಾಕಿಂಗ್' ಎಂಬ ಮಾತು ಒಂದು ಸಲವೂ ಬರಲಿಲ್ಲ. ಹಾಲಿಗೆ ಹೋಗುತ್ತಿದ್ದೆ, ಹೂವಿಗೆ ಹೋಗುತ್ತಿದ್ದೆ, ಪೇಪರಿಗೆ ಹೋಗುತ್ತಿದ್ದೆ. ಇನ್ನೊಂದು ಚತುರ್ಥಿ ವಿಭಕ್ತಿ ಸಿಕ್ಕಿದ್ದರೆ ಅಲ್ಲಿಗೂ ಹೋಗುತ್ತಿದ್ದರೇನೋ.

ಈ ದಾರಿ ಹೀಗಿರುವುದಕ್ಕೆ ಒಂದು ಕಾರಣ ಬಹಳ ಹಳೆಯದು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದ ಮೇಲೆ 1898ರಲ್ಲಿ ನಗರ ಸುಧಾರಣೆಗಾಗಿ ಟ್ರಸ್ಟ್ ಒಂದನ್ನು ಸ್ಥಾಪಿಸಿದರು. ದಾದರ್, ಮಾಟುಂಗಾ ಕಡೆಯ ಬಡಾವಣೆಗಳನ್ನು ಯೋಜಿಸಿದ್ದು ಅದೇ. ಗಾಳಿ ಬೆಳಕು ಬೇಕೆಂದು ಅಗಲ ರಸ್ತೆ, ಎರಡೂ ಬದಿ ಫುಟ್‌ಪಾತ್, ಮಳೆಮರಗಳ ಸಾಲು, ನಡುನಡುವೆ ತೋಟ, ಎರಡು ಮೂರು ಮಹಡಿಯ ಕಟ್ಟಡ, ನೆಲಮಹಡಿಯಲ್ಲಿ ಅಂಗಡಿ. ಮುದುಕರ ನಡಿಗೆ ಯಾರ ತಲೆಯಲ್ಲೂ ಇದ್ದಿರಲಾರದು. ಪ್ಲೇಗಿಗೆ ಹೆದರಿ ಮಾಡಿದ ವ್ಯವಸ್ಥೆ ಮುಪ್ಪಿಗೆ ಒದಗಿತು. ಇನ್ನೊಂದು ಕಾರಣ ಸಣ್ಣದು, ಆದರೆ ಇಲ್ಲಿಯವರಿಗೆ ಗೊತ್ತು. ರಿಕ್ಷಾಗಳು ಸಯನ್ ದಾಟಿ ದಕ್ಷಿಣಕ್ಕೆ ಬರುವಂತಿಲ್ಲ. ಅರ್ಧ ಕಿಲೋಮೀಟರಿಗೆ ಟ್ಯಾಕ್ಸಿಯವನು ಮುಖ ತಿರುಗಿಸುತ್ತಾನೆ. ನಡೆಯದೆ ಗತಿಯಿಲ್ಲ.

ವಡಾಳಾದ ಐದು ವರ್ಷ

2019ರಲ್ಲಿ ಕಟ್ಟಡ ಮರುನಿರ್ಮಾಣಕ್ಕೆ ಹೋಯಿತು. ಬಿಲ್ಡರ್ ಕೊಡುವ ತಿಂಗಳ ಬಾಡಿಗೆಗೆ ಮಾಟುಂಗಾದಲ್ಲಿ ಮನೆ ಸಿಗಲಿಲ್ಲ. ವಡಾಳಾದ ಪೂರ್ವಕ್ಕೆ, ಮೊನೊರೈಲಿನ ಕಂಬಗಳು ಕಾಣುವ ಕಡೆ, ಎತ್ತರದ ಕಟ್ಟಡವೊಂದರಲ್ಲಿ ಸಿಕ್ಕಿತು. ನಾಲ್ಕೈದು ಕಿಲೋಮೀಟರ್ ಅಷ್ಟೇ. ಆದರೆ ಗೇಟು ದಾಟಿದರೆ ಉದ್ದಕ್ಕೂ ಕಾಂಪೌಂಡ್ ಗೋಡೆ, ಗೋಡೆ ಮುಗಿದರೆ ಇನ್ನೊಂದು ಸಂಕೀರ್ಣದ ಗೋಡೆ. ಹತ್ತಿರದ ಅಂಗಡಿಗೆ ಹತ್ತು ನಿಮಿಷ, ಆ ಹತ್ತು ನಿಮಿಷದಲ್ಲಿ ನೆರಳು ಕೊಡುವ ಮರ ಒಂದೂ ಇಲ್ಲ, ಪಕ್ಕದಲ್ಲಿ ಡಂಪರುಗಳು. "ಅಲ್ಲಿ ರಸ್ತೆ ಚೆನ್ನಾಗಿತ್ತು, ಆದರೆ ಅದು ಎಲ್ಲಿಗೂ ಹೋಗುತ್ತಿರಲಿಲ್ಲ" ಎಂದರು ರಾಯರು. ಒಂದು ವರ್ಷ ತುಂಬುವ ಮೊದಲೇ ಕೋವಿಡ್ ಬಂತು. ವಯಸ್ಸಾದವರು ಮನೆಯಲ್ಲೇ ಇರಿ ಎಂದು ಸರ್ಕಾರವೂ ಹೇಳಿತು, ಮಕ್ಕಳೂ ಹೇಳಿದರು. ಹಾಲು, ತರಕಾರಿ, ಔಷಧಿ ಎಲ್ಲವೂ ಮೊಬೈಲಿನಿಂದ ಬಾಗಿಲಿಗೆ ಬರತೊಡಗಿದವು. ಕೋವಿಡ್ ಹೋಯಿತು, ಆ ಅಭ್ಯಾಸ ಹೋಗಲಿಲ್ಲ.

ಎಲ್ಲವನ್ನೂ ಕೋವಿಡ್ ತಲೆಗೆ ಕಟ್ಟಬಹುದಿತ್ತು. ಐದು ವರ್ಷ ವಯಸ್ಸೂ ಏರಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಮಾಮಿ.

ಅದೇ ಮನೆ, ಅದೇ ಐದು ವರ್ಷ, ಅದೇ ಕೋವಿಡ್. ಮಾಮಿ ವಡಾಳಾದಲ್ಲಿ ಹೆಚ್ಚು ನಡೆದರು! ಅವರ ಮೊಣಕಾಲು ನಿಜವಾಗಿಯೂ ಸವೆದಿದೆ. ಹಳೆಯ ಮನೆಯಲ್ಲಿ 38 ಮೆಟ್ಟಿಲಿಗೆ ಹೆದರಿ ವಾರಕ್ಕೆ ಒಂದೆರಡು ಸಲ ಇಳಿದರೆ ಹೆಚ್ಚು. ಗಂಡನ ದಿನಕ್ಕೆ ಮೂರು ಸವಾರಿ ಸಾಗುತ್ತಿದ್ದದ್ದೇ ಇವರು ಅಡುಗೆಮನೆ ಬಿಡದೆ ಇದ್ದದ್ದರಿಂದ. ವಡಾಳಾದಲ್ಲಿ ಲಿಫ್ಟ್ ಸಿಕ್ಕಿತು. ಕೋವಿಡ್ ಸಡಿಲವಾದ ಮೇಲೆ ಅಲ್ಲಿನ ಪೋಡಿಯಂನಲ್ಲಿ ಸಂಜೆ ಐದಕ್ಕೆ ತಮಿಳರು, ಮರಾಠಿಗರು, ಗುಜರಾತಿಗಳು ಸೇರಿದ ಹೆಂಗಸರ ಗುಂಪು ಸಿಕ್ಕಿತು. ಮುಕ್ಕಾಲು ಗಂಟೆ ಸುತ್ತು, ಅರ್ಧ ಗಂಟೆ ಭಜನೆ. "ಮಾಟುಂಗಾ ಇವರಿಗೆ ಊರು. ನನಗೆ ಅದು ಕಿಟಕಿ ಆಗಿತ್ತು" ಎಂದರು. ಹಳೆಯ ಪೇಟೆ ಒಳ್ಳೆಯದು, ಹೊಸ ಗೋಪುರ ಕೆಟ್ಟದ್ದು ಎಂದು ಬರೆಯಲು ಹೊರಟಿದ್ದ ನನ್ನ ಪೆನ್ನು ಅಲ್ಲಿಗೆ ನಿಂತಿತು.

ಮಾಮಿ ಆ ದಿನ ಇನ್ನೊಂದು ಮಾತು ಹೇಳಿದ್ದರು. "ಪೋಡಿಯಂ ಆದರೆ ಪಕ್ಕದಲ್ಲೇ ಬಾತ್‌ರೂಮು ಇದೆಯಲ್ಲ, ಹೆದರಿಕೆ ಇಲ್ಲ." ನಾನು ಅದನ್ನು ಬರೆದುಕೊಳ್ಳಲೇ ಇಲ್ಲ. ನಂತರ ಆರು ವಾರ ಅದಕ್ಕೆ ಪಶ್ಚಾತ್ತಾಪಪಟ್ಟೆ.

ಅದೇ ವಿಳಾಸ

2024ರ ಬೇಸಿಗೆಯಲ್ಲಿ ಕುಟುಂಬ ಮಾಟುಂಗಾಕ್ಕೆ ಮರಳಿತು, ಹದಿನೇಳನೆಯ ಮಹಡಿಗೆ. ವಿಳಾಸದಲ್ಲಿ ರಸ್ತೆ ಅದೇ, ಪಿನ್‌ಕೋಡ್ ಅದೇ. ಇನ್ನು ಅಪ್ಪ ಮೊದಲಿನಂತೆ ಆಗುತ್ತಾರೆ ಎಂದು ಮಗ ನಂಬಿದ್ದ. ಆಗಲಿಲ್ಲ. ಪೋಡಿಯಂ ಪ್ರಯೋಗ ಸೋತ ಮೇಲೆ ಡಿಸೆಂಬರಿನ ಒಂದು ಬೆಳಿಗ್ಗೆ ಎಂಟಕ್ಕೆ ಹಳೆಯ ದಾರಿಯಲ್ಲೇ ಅವರೊಂದಿಗೆ ಹೊರಟೆ. ಕೈಯಲ್ಲಿ ಟೇಪು, ಗಡಿಯಾರ.

ಲಿಫ್ಟ್ ಬರಲು ನಾಲ್ಕು ನಿಮಿಷ. ಕೆಳಗೆ ಕನ್ನಡಿಯಂತೆ ಹೊಳೆಯುವ ನೆಲ, ಅದರ ಮೇಲೆ ರಾಯರು ನೀರಿನ ಮೇಲೆ ಕಾಲಿಟ್ಟವರಂತೆ ನಡೆದರು. ಆಮೇಲೆ ಕಾರುಗಳು ಇಳಿಯುವ ಇಳಿಜಾರು, ವಾಹನ ಬಂದಾಗ ಕಿರುಚುವ ಸೈರನ್. ಹಳೆಯ ಕಟ್ಟಡದಲ್ಲಿ ಬಾಗಿಲು ದಾಟಿದರೆ ಬೀದಿ. ಇಲ್ಲಿ ಮನೆಯ ಬಾಗಿಲಿನಿಂದ ಬೀದಿಗೆ ಒಂಬತ್ತು ನಿಮಿಷ.

ಫುಟ್‌ಪಾತಿನ ಅಂಚು ಅಳೆದೆ: ಒಂದು ಕಡೆ 23 ಸೆಂಟಿಮೀಟರ್. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯ ಪ್ರಕಾರ ಅದು 15 ಮೀರಬಾರದು. ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ಅಗಲ ಇತ್ತು, ಅಡ್ಡಿಯಿಲ್ಲದೆ ಇರಲಿಲ್ಲ. ಸುತ್ತ ನಾಲ್ಕು ಕಟ್ಟಡ ಒಟ್ಟಿಗೆ ಮರುನಿರ್ಮಾಣದಲ್ಲಿವೆ. ತಗಡಿನ ಬೇಲಿ ಫುಟ್‌ಪಾತನ್ನು ನುಂಗಿದೆ. ಪ್ರತಿ ಹೊಸ ಕಟ್ಟಡಕ್ಕೂ ಕಾರು ಬರುವ ದಾರಿ ಬೇಕು. ಅಲ್ಲೆಲ್ಲ ಫುಟ್‌ಪಾತ್ ಇಳಿದು ಮತ್ತೆ ಹತ್ತುತ್ತದೆ. ಯುವಕರಿಗೆ ಅದು ಕಣ್ಣಿಗೂ ಬೀಳದು. ರಾಯರು ಪ್ರತಿ ಸಲ ನಿಂತು, ಕಾಲಿನಿಂದ ತಡವಿ, ಕೊಡೆಯನ್ನು ಊರಿ ಇಳಿಯುತ್ತಿದ್ದರು. ಕೊಡೆ ಎಂದೆನಲ್ಲ, ಡಿಸೆಂಬರಿನಲ್ಲಿ ಕೊಡೆ. ಉದ್ದ ಹಿಡಿಕೆಯ ಕಪ್ಪು ಕೊಡೆ. ಕೋಲು ಹಿಡಿಯಿರಿ ಎಂದು ಎರಡು ಸಲ ಹೇಳಿದ್ದೆ. "ಕೋಲು ಹಿಡಿದರೆ ಮುದುಕ ಎನ್ನುತ್ತಾರೆ. ಕೊಡೆ ಹಿಡಿದರೆ ಮಳೆ ಬರಬಹುದೇನೋ ಎನ್ನುತ್ತಾರೆ" ಎಂಬುದು ಅವರ ವಾದ.

ಹಳೆಯ ಕಟ್ಟೆ ಇದ್ದ ಜಾಗದಲ್ಲಿ ನಿಂತರು. ಅಲ್ಲೀಗ ಅಲಂಕಾರದ ಗಿಡಗಳು, ಯಾರೂ ಕೂರದಂತೆ ಅಂಚಿಗೆ ಕಬ್ಬಿಣದ ಮೊನೆಗಳು. ಕೂರಲು ಬೇರೆ ಏನೂ ಇಲ್ಲದೆ ನಿಂತಿದ್ದ ಕಾರಿನ ಮೂತಿಗೆ ಕೈಯೂರಿ ಉಸಿರು ತೆಗೆದುಕೊಂಡರು. ಹಾಲಿನ ಅಂಗಡಿ ಮುಚ್ಚಿದೆ. ಸಂಜೆಯ ಮೂವರು ಗೆಳೆಯರಲ್ಲಿ ಇಬ್ಬರು ತೀರಿಕೊಂಡಿದ್ದಾರೆ, ಒಬ್ಬರು ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಹೂವಿನವನು ಇದ್ದಾನೆ. ಪತ್ರಿಕೆಯೂ ಸಿಗುತ್ತದೆ. ಆದರೆ ಅಲ್ಲಿಗೆ ಮುಟ್ಟುವ ಮೊದಲೇ, ಮೂಲೆಯ ಔಷಧಿ ಅಂಗಡಿಯ ಮುಂದೆ ರಾಯರು "ಇವತ್ತಿಗೆ ಸಾಕು" ಎಂದು ತಿರುಗಿದರು. ದಣಿದಿರಬೇಕೆಂದು ನಾಡಿ ನೋಡಿದೆ, ಸರಿಯಾಗಿತ್ತು.

ಎರಡನೆಯ ಸಲವೂ ಅದೇ ಔಷಧಿ ಅಂಗಡಿ. ಮೂರನೆಯ ಸಲವೂ ಅದೇ. ನಾಲ್ಕನೆಯ ಸಲ ಅಲ್ಲೇ ನಿಂತು ಕೇಳಿದೆ: "ಮಾಮ, ಇಲ್ಲಿಂದ ಮುಂದೆ ಏನಿದೆ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಏನೂ ಇಲ್ಲ. ಅದೇ ತೊಂದರೆ. ನೀನು ಹೆಣ್ಣುಮಗಳು, ಹೇಗೆ ಹೇಳಲಿ" ಎಂದರು. ಆಮೇಲೆ ಹೇಳಿದರು. ರಕ್ತದೊತ್ತಡಕ್ಕೆ ಬೆಳಗಿನ ಕಾಫಿಯ ಜೊತೆ ತೆಗೆದುಕೊಳ್ಳುವ ಮಾತ್ರೆ ಮೂತ್ರ ಹೆಚ್ಚಿಸುವಂಥದ್ದು. ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಕೂಡ ಇದೆ. ಒಮ್ಮೆ ಬಂತೆಂದರೆ ತಡೆಯಲಾಗದು. ಮೊದಲಾದರೆ ದಾರಿಯಲ್ಲಿ ಮೂರು ಜಾಗವಿತ್ತು: ದೇವಸ್ಥಾನ, ಪರಿಚಯದ ಒಂದು ಹೋಟೆಲು, ನೆಲಮಹಡಿಯಲ್ಲಿದ್ದ ಒಬ್ಬ ಗೆಳೆಯರ ಮನೆ. ಹೋಟೆಲು ಈಗ ಬೇರೆಯವರ ಕೈಯಲ್ಲಿದೆ, ಹೋಗಿ ಕೇಳಲು ಸಂಕೋಚ. ಗೆಳೆಯರ ಕಟ್ಟಡ ತಗಡಿನ ಬೇಲಿಯ ಹಿಂದೆ ಹೊಂಡವಾಗಿದೆ. ಉಳಿದದ್ದು ದೇವಸ್ಥಾನ, ಅದು ದಾರಿಯ ತುದಿಯಲ್ಲಿ. ಔಷಧಿ ಅಂಗಡಿಯಿಂದ ತಿರುಗಿದರೆ ಲಿಫ್ಟು ಕಾಯುವ ಹೊತ್ತೂ ಸೇರಿ ಮನೆ ಮುಟ್ಟಬಹುದು ಎಂಬ ಲೆಕ್ಕ ಅವರದು. ಬ್ಯಾಂಕಿನವರ ಲೆಕ್ಕ, ನನ್ನ ಗಡಿಯಾರದಲ್ಲೂ ಸರಿಬಂತು.

ಹಿರಿಯರು ಹೊರಗೆ ಬರಲು ಹೆದರುವುದು ಬಿದ್ದುಬಿಡುತ್ತೇವೆ ಎಂದು ಎಂದೇ ನಾನು ಅಷ್ಟು ವರ್ಷ ಬರೆದುಕೊಂಡು ಬಂದಿದ್ದೆ. ಬೀಳುವ ಹೆದರಿಕೆಯನ್ನು ಜನ ಹೇಳಿಕೊಳ್ಳುತ್ತಾರೆ. ಪಂಚೆ ಒದ್ದೆಯಾದೀತು ಎಂಬ ಹೆದರಿಕೆಯನ್ನು ಹೇಳಿಕೊಳ್ಳುವುದಿಲ್ಲ, ಮೊಣಕಾಲು ನೋವು ಎನ್ನುತ್ತಾರೆ.

ನನ್ನ ತಿಳಿವಳಿಕೆ

ಅಮೆರಿಕದ ಮನಶ್ಶಾಸ್ತ್ರಜ್ಞ ಪೊವೆಲ್ ಲಾಟನ್ ವಯಸ್ಸು ಮತ್ತು ಪರಿಸರದ ಬಗ್ಗೆ ಅರ್ಧ ಶತಮಾನದ ಹಿಂದೆಯೇ ಹೇಳಿದ ಮಾತೊಂದಿದೆ: ಮನುಷ್ಯನ ಶಕ್ತಿ ತಗ್ಗಿದಷ್ಟೂ ಅವನ ಮೇಲೆ ಸುತ್ತಲಿನ ಹಿಡಿತ ಹೆಚ್ಚುತ್ತದೆ. ಗಟ್ಟಿಮುಟ್ಟಾದವನಿಗೆ 23 ಸೆಂಟಿಮೀಟರಿನ ಅಂಚು ಒಂದು ಅಂಚು; ರಾಯರಿಗೆ ಅದು ದಿನದ ನಿರ್ಧಾರ. 2019ರ ರಾಯರು ಈ ಹೊಸ ಬೀದಿಯಲ್ಲೂ ಗೊಣಗುತ್ತ ನಡೆದುಬಿಡುತ್ತಿದ್ದರು. ಬೀದಿ ಕಷ್ಟವಾಗುವುದೂ ಕಾಲು ಸೋಲುವುದೂ ಒಂದೇ ಐದು ವರ್ಷದಲ್ಲಿ ಆಗಿಹೋದವು.

ಈ ಪ್ರಕರಣದಲ್ಲಿ ನಾನು ಕಂಡುಕೊಂಡದ್ದು ಇಷ್ಟು. ರಾಯರಿಗೆ ನಡೆಯಲು ನೆಪ ಬೇಕು, ಜೊತೆಗೆ ಕೂರುವ ಜಾಗ ಮತ್ತು ಶೌಚಾಲಯದ ಧೈರ್ಯ ಬೇಕು. ಪೋಡಿಯಂನಲ್ಲಿ ಧೈರ್ಯವಿದೆ, ನೆಪವಿಲ್ಲ. ಬೀದಿಯಲ್ಲಿ ನೆಪವಿದೆ, ಧೈರ್ಯವಿಲ್ಲ. ಮಾಮಿಗೆ ಪೋಡಿಯಂ ಒಗ್ಗಿದ್ದು ಅಲ್ಲಿ ಎರಡೂ ಇದ್ದದ್ದರಿಂದ. ಅವರ ನೆಪ ಆ ಹೆಂಗಸರ ಗುಂಪು. ಪೇಟೆ ಹಳೆಯದೋ ಹೊಸದೋ ಎಂಬುದರಿಂದ ಇದು ತೀರ್ಮಾನವಾಗಲಿಲ್ಲ.

ತೋಟ ಮಾಡಿಕೊಟ್ಟರೆ ಹಿರಿಯರು ನಡೆಯುತ್ತಾರೆ ಎಂಬ ನಂಬಿಕೆಗೆ ಮಾಟುಂಗಾದಲ್ಲೇ ಒಂದು ಪರೀಕ್ಷೆ ಇದೆ. ಡಾ. ಅಂಬೇಡ್ಕರ್ ರಸ್ತೆಯ ಮೇಲ್ಸೇತುವೆಯ ಕೆಳಗೆ 2016ರಲ್ಲಿ ಉದ್ಯಾನ ಬಂತು. ನರ್ಮದಾ ನದಿಯ ಹರಿವಿನಂತೆ ಬಳಸುವ, ಸುಮಾರು 600 ಮೀಟರಿನ ನಡೆದಾರಿ. ಸೇತುವೆಯೇ ಚಾವಣಿ, ಮಳೆಗಾಲದಲ್ಲೂ ನಡೆಯಬಹುದು. ಚೆನ್ನಾಗಿದೆ, ತುಂಬ ಜನ ಬಳಸುತ್ತಾರೆ. ಆದರೆ ಅದು ರಸ್ತೆಯ ನಡುವೆ ಇದೆ. ದಾಟುವ ಸಿಗ್ನಲ್‌ಗಳನ್ನು ಲೆಕ್ಕ ಹಾಕುವಾಗ ಪಾದಚಾರಿಯ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುತ್ತಾರೆ. ಇಂಗ್ಲೆಂಡಿನಲ್ಲಿ 65 ದಾಟಿದವರ ನಡಿಗೆಯನ್ನು ಅಳೆದು 2012ರಲ್ಲಿ ಪ್ರಕಟಿಸಿದಾಗ ಗಂಡಸರ ಸರಾಸರಿ 0.9, ಹೆಂಗಸರದ್ದು 0.8 ಎಂದು ಬಂತು. ಹತ್ತು ಮೀಟರ್ ರಸ್ತೆಗೆ ಲೆಕ್ಕದ ಪಾದಚಾರಿ ಸುಮಾರು ಎಂಟೂಕಾಲು ಸೆಕೆಂಡಿನಲ್ಲಿ ದಾಟುತ್ತಾನೆ, ರಾಯರಿಗೆ ಹದಿನಾಲ್ಕು ಬೇಕು. ಒಮ್ಮೆ ಕರೆದುಕೊಂಡು ಹೋಗಿದ್ದೆ. ಆ ನದಿ ತಲುಪಲು ಈ ನದಿ ಈಜಬೇಕಲ್ಲ ಎಂದರು.

ಮಾಡಿದ್ದು, ಆದದ್ದು

ಮೊದಲು ಅವರ ವೈದ್ಯರನ್ನು ಕಂಡು ಮಾತ್ರೆಯ ವಿಷಯ ಹೇಳಿದೆವು. ಅವರು ಸಮಯ ಬದಲಿಸಿ ಕೊಟ್ಟರು: ಬೆಳಗಿನ ನಡಿಗೆ ಮುಗಿದ ಮೇಲೆ ಮಾತ್ರೆ. ಪ್ರಾಸ್ಟೇಟಿಗೂ ಬೇರೆ ಔಷಧಿ ಶುರುವಾಯಿತು. (ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆಯ ಹೊತ್ತು ಬದಲಿಸಬಾರದು.) ಈ ಒಂದು ಬದಲಾವಣೆ ನನ್ನ ಎರಡು ತಿಂಗಳ ವ್ಯಾಯಾಮಕ್ಕಿಂತ ಹೆಚ್ಚು ಕೆಲಸ ಮಾಡಿತು ಎಂದು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಷ್ಟವಾಯಿತು.

ಎರಡನೆಯದು ಸೊಸೆ ಮಾಡಿದ್ದು. ಹೂವು, ಕೊತ್ತಂಬರಿ, ಪತ್ರಿಕೆ ಇಷ್ಟನ್ನು ಮೊಬೈಲಿನಿಂದ ತರಿಸುವುದನ್ನು ನಿಲ್ಲಿಸಿದಳು. ಮಾವನಿಗೆ ಕೆಲಸ ಹೇಳುವುದು ಹೇಗೆ ಎಂದು ಅವಳಿಗೆ ಮುಜುಗರ. ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುವುದಕ್ಕೆ ಮಾವನನ್ನು ಓಡಾಡಿಸಿದಳು ಎಂದು ನೆಂಟರು ಆಡಿಕೊಂಡಾರು ಎಂಬ ಭಯವೂ ಇತ್ತು. ಮಾಮಿಯೇ ದಾರಿ ತೋರಿಸಿದರು. ಕೆಲಸ ಹೇಳಲಿಲ್ಲ; ಪೂಜೆಗೆ ಕೂತು "ಹೂ ಇಲ್ಲವಲ್ಲ" ಎಂದು ದೇವರಿಗೆ ಹೇಳಿದರು. ರಾಯರು ಎದ್ದು ಪಂಚೆ ಸರಿಮಾಡಿಕೊಂಡರು.

ಮೂರನೆಯದು ಕುರ್ಚಿ. ಗೇಟಿನ ಬಳಿ ವಾಚ್‌ಮನ್ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ, ಔಷಧಿ ಅಂಗಡಿಯಲ್ಲಿ ಗಿರಾಕಿಗಳಿಗಿರುವ ಒಂದು ಸ್ಟೂಲು. ಅಂಗಡಿಯವರು ಗುಜರಾತಿ, ರಾಯರನ್ನು ಮೂವತ್ತು ವರ್ಷದಿಂದ ಬಲ್ಲವರು. ಕೇಳಿದ್ದಕ್ಕೆ, ಒಳಗೆ ಶೌಚಾಲಯವೂ ಇದೆ, ಮೊದಲೇ ಹೇಳಬಾರದಿತ್ತೇ ಎಂದರು! ಔಷಧಿ ಅಂಗಡಿಯ ಗಡಿ ಅಲ್ಲಿಗೆ ಬಿದ್ದುಹೋಯಿತು. ಬೀದಿಯಲ್ಲಿ ಬೆಂಚು ಹಾಕಿಸಿ, ಅಂಚು ತಗ್ಗಿಸಿ ಎಂದು ಸೊಸೈಟಿಯ ನಾಲ್ವರು ಹಿರಿಯರು ಸಹಿ ಮಾಡಿ ಸಂಬಂಧಪಟ್ಟ ಕಚೇರಿಗೆ ಕೊಟ್ಟ ಮನವಿ ಮಾತ್ರ ಇನ್ನೂ ಅಲ್ಲೇ ಇದೆ. ಅಡ್ಡಿಯಿಲ್ಲದ ಫುಟ್‌ಪಾತ್ ಬಳಸುವುದು ಸಂವಿಧಾನದ 21ನೆಯ ವಿಧಿಯಡಿ ಬರುವ ಹಕ್ಕು ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ರಾಯರು ಆ ಸುದ್ದಿಯನ್ನು ಕತ್ತರಿಸಿ ಮನವಿಯ ಪ್ರತಿಗೆ ಪಿನ್ನು ಹಾಕಿ ಎರಡನೆಯ ಸಲ ಕಳಿಸಿದರು.

ಏಪ್ರಿಲ್ ಹೊತ್ತಿಗೆ ಹೆಜ್ಜೆಗಳು ದಿನಕ್ಕೆ ಮೂರು ಸಾವಿರ ದಾಟಿದವು, ಕುರ್ಚಿಯಿಂದ ಎದ್ದು ನಡೆದು ಬರುವ ಪರೀಕ್ಷೆ 16ರಿಂದ 13 ಸೆಕೆಂಡಿಗೆ ಇಳಿಯಿತು. ಫೈವ್ ಗಾರ್ಡನ್ಸ್‌ಗೆ ಅವರು ಮರಳಿಲ್ಲ. ಕರೆದರೆ, "ಅಲ್ಲಿ ಯಾರಿದ್ದಾರೆ?" ಎನ್ನುತ್ತಾರೆ. ಅದಕ್ಕೆ ನನ್ನ ಬಳಿ ವ್ಯಾಯಾಮವಿಲ್ಲ. ಸಂಜೆಯ ಹೊತ್ತನ್ನು ಈಗಲೂ ಕುರ್ಚಿಯಲ್ಲೇ ಕಳೆಯುತ್ತಾರೆ. ಇಲ್ಲಿನ ಪೋಡಿಯಂನಿಂದ ಮಾಮಿ ಸೇರಿರುವ ಗುಂಪಿನ ಭಜನೆ ಕೇಳಿಸಿದರೆ ಕಿಟಕಿ ಮುಚ್ಚುತ್ತಾರಂತೆ.

ಜೂನ್ ಬಂತು. ನಾನು ಎಣಿಸದೆ ಇದ್ದ ತೊಡಕು ಮಳೆಯ ಜೊತೆಗೇ ಬಂತು. ಆರು ತಿಂಗಳಿಂದ ಊರಿಕೊಂಡು ನಡೆಯುತ್ತಿದ್ದ ಕೊಡೆಯನ್ನು ಈಗ ಬಿಚ್ಚಿ ಮೇಲೆತ್ತಬೇಕು. ತಲೆಗೆ ಕೊಡೆ ಹಿಡಿದರೆ ಕಾಲಿಗೆ ಕೋಲಿಲ್ಲ, ಇನ್ನೊಂದು ಕೈಯಲ್ಲಿ ಕೊತ್ತಂಬರಿಯ ಚೀಲ. ಪಾಚಿ ಹಿಡಿದ ಪೇವರ್ ಬ್ಲಾಕಿನ ಮೇಲೆ ಒಮ್ಮೆ ಜಾರಿ, ತಗಡಿನ ಬೇಲಿಗೆ ಭುಜ ಕೊಟ್ಟು ಉಳಿದುಕೊಂಡರು. ಎರಡು ವಾರ ಹೊರಗೆ ಹೋಗಲಿಲ್ಲ. ಮೂರನೆಯ ವಾರ ಮಗನ ರೇನ್‌ಕೋಟು ಹಾಕಿಕೊಂಡು, ಕೊಡೆಯನ್ನು ಬಿಚ್ಚದೆ ಊರಿಕೊಂಡು, ಮಳೆಯಲ್ಲಿ ನೆನೆಯುತ್ತ ಹೋಗುವ ಮುದುಕರನ್ನು ನೋಡಿ ಹೂವಿನವನು ನಕ್ಕನಂತೆ. ನಗಲಿ ಎಂದರು ರಾಯರು.

ಆಗಸ್ಟಿನಲ್ಲಿ ಮೂರು ತಿಂಗಳ ಪರಿಶೀಲನೆಗೆ ಹೋದಾಗ ಬಾಗಿಲು ತೆರೆದದ್ದು ಮಾಮಿ. ರಾಯರು ಮನೆಯಲ್ಲಿ ಇರಲಿಲ್ಲ. ಕೆಸುವಿನ ಎಲೆ ಬಂದಿದೆ ಎಂದು ಯಾರೋ ಹೇಳಿದ್ದಕ್ಕೆ ಹೋದವರು ಮುಕ್ಕಾಲು ಗಂಟೆಯಾಯಿತು ಎಂದರು. ಮೊಬೈಲು ಅಲ್ಲೇ ಟೀಪಾಯಿಯ ಮೇಲೆ ಚಾರ್ಜಿಗಿತ್ತು. ತೆರೆದು ನೋಡಿದೆ: ಆ ದಿನದ ಹೆಜ್ಜೆ 112. ಅದನ್ನೇ ಬರೆದುಕೊಂಡು, ಮಾಮಿ ಕೊಟ್ಟ ಕಾಫಿ ಕುಡಿಯುತ್ತ ಕೂತೆ.